ಬಡಿದ ಬೆಳ್ಳಿ, ಎರಕದ ಬೆಳ್ಳಿ

ಮಾರ್ಚ್ ಹದಿನಾಲ್ಕು, ಮಂಗಳವಾರ, ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಹಂಗೇರಿಯ ತಿಸಾಕೆರೆಶ್ ಪೊಲೀಸ್ ಠಾಣೆಗೆ ದೂರು ಬಂತು. ತಂದವರು ಊರಿನ ವಸ್ತುಸಂಗ್ರಹಾಲಯದ ನಿರ್ದೇಶಕ ಡಾಕ್ಟರ್ ಲೋನ್ಯೈ ಹುಬೆರ್ಟ್. ರಾಷ್ಟ್ರೀಯ ಹಬ್ಬ ಇದ್ದದ್ದು ಮರುದಿನ. ಆದರೆ ಅವರ ಕೋಟಿನ ಎದೆಯ ಮೇಲೆ ಕೆಂಪು, ಬಿಳಿ, ಹಸಿರು ರಿಬ್ಬನ್ನು ಆಗಲೇ ಕೂತಿತ್ತು. ಇನ್ಸ್‌ಪೆಕ್ಟರ್ ವರ್ಯೂ ಗೆದೆಯೋನ್ ಮೊದಲು ಗಮನಿಸಿದ್ದು ಅದನ್ನೇ. ದೇಶಭಕ್ತಿಯನ್ನು ಒಂದು ದಿನ ಮುಂಚೆಯೇ ಚುಚ್ಚಿಕೊಂಡು ತಿರುಗುವ ಮನುಷ್ಯನ ಮಾತಿನಲ್ಲಿ ಅರ್ಧ ಬಿಟ್ಟು ಅರ್ಧ ನಂಬಿದರೆ ಸಾಕು ಎಂಬುದು ಅವನ ಇಪ್ಪತ್ತೊಂಬತ್ತು ವರ್ಷದ ಸರ್ವೀಸು ಕಲಿಸಿದ ಪಾಠ.

"ಏನು ಕಳವಾಗಿದೆ?"

"ಲಾಸ್ಲೋ ರಾಜನ ಕಾಲದ ಡೆನಾರ್. ಬೆಳ್ಳಿ ನಾಣ್ಯ. ಒಂಬೈನೂರು ವರ್ಷದ್ದು."

"ಯಾವಾಗ ಕಳವಾಯ್ತು?"

"ಗೊತ್ತಿಲ್ಲ."

"ಎಲ್ಲಿಂದ?"

"ನಮ್ಮ ಗಾಜಿನ ಪೆಟ್ಟಿಗೆಯಿಂದ. ಆದ್ರೆ..." ಹುಬೆರ್ಟ್ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು. "ಪೆಟ್ಟಿಗೆಯಲ್ಲಿ ನಾಣ್ಯ ಇದೆ."

"ಇದೆಯಾ?"

"ಇದೆ. ಅದು ಅದಲ್ಲ."

ಗೆದೆಯೋನ್ ಪೆನ್ನು ಕೆಳಗಿಟ್ಟ. ಪಕ್ಕದ ಮೇಜಿನಲ್ಲಿ ಟೈಪು ಮಾಡುತ್ತಿದ್ದ ಪೇದೆ ಸೆಪೆಶಿ ದೋರ್ಕಾ ತುಟಿ ಕಚ್ಚಿ ನಗು ತಡೆದುಕೊಂಡಳು. ಠಾಣೆಗೆ ಬಂದು ಇನ್ನೂ ಎರಡು ವರ್ಷವಾಗದ ಅವಳಿಗೆ ಇಂಥ ದೂರು ಹೊಸದು.

ಹುಬೆರ್ಟ್ ಬಿಡಿಸಿ ಹೇಳಿದರು. ಇಪ್ಪತ್ತೇಳನೇ ತಾರೀಕು ಬುಡಾಪೆಸ್ಟಿನಲ್ಲಿ ದೊಡ್ಡ ಪ್ರದರ್ಶನ, ಮಂತ್ರಿಗಳೇ ಉದ್ಘಾಟನೆಗೆ ಬರುತ್ತಾರೆ. ತಿಸಾಕೆರೆಶಿನ ಡೆನಾರ್ ಅಲ್ಲಿಗೆ ಹೋಗಬೇಕು. ನಾಣ್ಯವನ್ನು ಪ್ಯಾಕ್ ಮಾಡಲು ರಾಜಧಾನಿಯಿಂದ ಒಬ್ಬ ತಜ್ಞೆ ಸೋಮವಾರ ಬಂದಿದ್ದಳು. ಭೂತಗನ್ನಡಿ ಹಿಡಿದು ನೋಡಿದಳು. ನೋಡಿ ನಕ್ಕಳು.

"ನಕ್ಕಳಾ?"

"ಜೋರಾಗಿ. ಇದು ಸುತ್ತಿಗೆಯಿಂದ ಬಡಿದ ನಾಣ್ಯ ಅಲ್ಲ, ಅಚ್ಚಿಗೆ ಸುರಿದ ಎರಕ, ಅಂದ್ಲು. ನಮ್ಮ ಲೆಕ್ಕಿಗರ ಮುಂದೆ." ಹುಬೆರ್ಟ್ ಮುಂದಕ್ಕೆ ಬಾಗಿದರು. "ಇನ್ಸ್‌ಪೆಕ್ಟರೇ, ಇದು ಪೇಪರಿಗೆ ಹೋಗ್ಬಾರ್ದು. ಹೊರಗಿನವರ ಕೆಲಸ ಇದು. ಅಂತರರಾಷ್ಟ್ರೀಯ ಜಾಲ ಇರ್ಬೇಕು."

"ಅಂತರರಾಷ್ಟ್ರೀಯ ಜಾಲ ತಿಸಾಕೆರೆಶಿಗೆ ಯಾವ ಬಸ್ಸಲ್ಲಿ ಬಂತು?" ಎಂದ ಗೆದೆಯೋನ್.

ಹತ್ತು ಇಪ್ಪತ್ತೈದಕ್ಕೆ ಎಫ್‌ಐಆರ್ ದಾಖಲಾಯಿತು. ಕಳವಾದ ವಸ್ತುವಿನ ತೂಕ ಅರ್ಧ ಗ್ರಾಮಿಗಿಂತ ಸ್ವಲ್ಪ ಹೆಚ್ಚು, ಅಗಲ ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಗೆದೆಯೋನ್ ಅಷ್ಟು ವರ್ಷದಲ್ಲಿ ಟ್ರಾಕ್ಟರು, ಹಂದಿ, ಚರ್ಚಿನ ಗಂಟೆ ಎಲ್ಲದರ ಕಳವನ್ನೂ ಬರೆದಿದ್ದ. ಇಷ್ಟು ಹಗುರವಾದ ವಸ್ತುವಿಗೆ ಇಷ್ಟು ಭಾರವಾದ ಮುಖ ಹೊತ್ತು ಬಂದವರನ್ನು ಕಂಡಿರಲಿಲ್ಲ.

ಹನ್ನೊಂದು ಗಂಟೆಗೆ ವಸ್ತುಸಂಗ್ರಹಾಲಯದಲ್ಲಿ ಮಹಜರು. ಅದು ಹಿಂದೊಮ್ಮೆ ಧಾನ್ಯದ ವ್ಯಾಪಾರಿಯೊಬ್ಬನ ಮನೆ. ನಾಲ್ಕು ಕೋಣೆ, ಕೆಳಗೊಂದು ನೆಲಮಾಳಿಗೆ. ಎರಡನೇ ಕೋಣೆಯ ನಡುವೆ ಗಾಜಿನ ಪೆಟ್ಟಿಗೆ, ಕೆಳಗಿನಿಂದ ದೀಪ. ಮುಂದಿದ್ದ ಫಲಕದಲ್ಲಿ ದೊಡ್ಡ ಅಕ್ಷರದಲ್ಲಿ ಲಾಸ್ಲೋ ರಾಜನ ಹೆಸರಿತ್ತು. ಅದಕ್ಕಿಂತ ಸ್ವಲ್ಪವೇ ಸಣ್ಣದರಲ್ಲಿ ಉತ್ಖನನದ ಮುಖ್ಯಸ್ಥ ಡಾಕ್ಟರ್ ಲೋನ್ಯೈ ಹುಬೆರ್ಟರ ಹೆಸರು. ಹಳೆಯ ಚರ್ಚಿನ ಅಂಗಳದ ಮೂವತ್ತೊಂದನೇ ಗೋರಿಯಲ್ಲಿ ಸಿಕ್ಕಿದ್ದು ಎಂದು ಕೊನೆಯಲ್ಲಿ ಒಂದು ಸಾಲು.

ಬೀಗ ಒಡೆದಿರಲಿಲ್ಲ. ಗಾಜಿಗೆ ಗೀರಿಲ್ಲ, ತಿರುಪಿಗೆ ಗಾಯವಿಲ್ಲ.

"ಕೀಲಿ ಎಲ್ಲಿರುತ್ತೆ?"

"ನನ್ನ ಕೋಣೆಯಲ್ಲಿ."

"ನಿಮ್ಮ ಕೋಣೆಯಲ್ಲಿ ಎಲ್ಲಿ?"

ಹುಬೆರ್ಟ್ ಕರೆದೊಯ್ದು ತೋರಿಸಿದರು. ಕೀಲಿ ಇದ್ದದ್ದು ಬಾಗಿಲ ಪಕ್ಕದ ಮೊಳೆಯಲ್ಲಿ, ಛತ್ರಿಯ ಕೆಳಗೆ.

"ಹಾಗಾದ್ರೆ ನಿಮ್ಮ ಜಾಲ ಒಳಗೇ ಇದೆ," ಎಂದು ಗೆದೆಯೋನ್ ಆ ಮೊಳೆಯನ್ನೂ ಮಹಜರಿನಲ್ಲಿ ಬರೆಸಿದ.

ಸಿಬ್ಬಂದಿಯ ವಿಚಾರಣೆ ಅಲ್ಲೇ ನಡೆಯಿತು. ಹುಬೆರ್ಟ್, ಒಬ್ಬ ಉತ್ಖನನ ತಜ್ಞ, ಒಬ್ಬರು ಲೆಕ್ಕಿಗರು. ಕೋಣೆಯ ಮೂಲೆಯ ಕುರ್ಚಿಯಲ್ಲಿ ಕಾವಲಿಗೆ ಕೂತಿದ್ದ ಹೊರ್ಗಾಶ್ ವಿಲ್ಮಾ ಎಂಬ ಅರವತ್ತೇಳರ ಹೆಂಗಸಿಗೆ ಗೆದೆಯೋನ್ ಮೂರೇ ನಿಮಿಷ ಕೊಟ್ಟ. ಬೂದು ಬಣ್ಣದ ಸ್ವೆಟರು, ಮೊಣಕಾಲಿನ ಮೇಲೆ ಕೈ.

"ಎಷ್ಟು ವರ್ಷದಿಂದ ಇಲ್ಲಿದ್ದೀರಿ ವಿಲ್ಮತ್ತೆ?"

"ಆರು."

"ಏನಾದ್ರೂ ಅನುಮಾನದ್ದು ಕಂಡ್ರಾ?"

"ನನ್ನನ್ನ ಯಾರಾದ್ರೂ ಏನಾದ್ರೂ ಕೇಳಿದ್ದು ಇವತ್ತೇ," ಎಂದಳು ಅವಳು.

ಅದನ್ನು ಮುದುಕಿಯ ಗೊಣಗಾಟವೆಂದುಕೊಂಡು ಗೆದೆಯೋನ್ ಮುಂದೆ ನಡೆದ. ಹೊರಗೆ ಜೀಪಿನಲ್ಲಿ ದೋರ್ಕಾ ಶಂಕಿತರ ಪಟ್ಟಿ ಬರೆಯುತ್ತ ನಾಲ್ಕನೆಯದಾಗಿ ವಿಲ್ಮಾಳ ಹೆಸರು ಹಾಕಿದಳು.

"ಅವಳ್ಯಾಕೆ?"

"ಅವರೂ ಸಿಬ್ಬಂದಿ ಅಲ್ವಾ ಸರ್."

"ಹಾಗಾದ್ರೆ ಅವಳು ಕೂತಿದ್ದ ಕುರ್ಚೀನೂ ಸೇರಿಸು."

ದೋರ್ಕಾ ಹೆಸರು ಹೊಡೆದು ಹಾಕಿದಳು.

ಹದಿನೈದರಂದು ಚೌಕದಲ್ಲಿ ಬ್ಯಾಂಡು ಬಾರಿಸುತ್ತಿತ್ತು, ಮೇಯರ್ ಸ್ವಾತಂತ್ರ್ಯದ ಬಗ್ಗೆ ನಲವತ್ತು ನಿಮಿಷ ಮಾತಾಡಿದ. ಬಂದೋಬಸ್ತಿಗೆ ನಿಂತಿದ್ದ ಗೆದೆಯೋನ್‌ಗೆ ಊರಿನ ಒಂದೊಂದು ಮುಖವೂ ಗೊತ್ತು. ಯಾರು ಹೆಂಡತಿಗೆ ಹೊಡೆಯುತ್ತಾರೆ, ಯಾರು ಮೀಟರು ತಿರುಗದಂತೆ ಮಾಡಿದ್ದಾರೆ, ಯಾರು ಸತ್ತ ಅತ್ತೆಯ ಪಿಂಚಣಿ ತಿನ್ನುತ್ತಿದ್ದಾರೆ. ಎಲ್ಲರ ಎದೆಯಲ್ಲೂ ರಿಬ್ಬನ್ನು. ಅವನು ಹುರಿದ ಲಾಂಗೋಶ್ ರೊಟ್ಟಿ ತಿಂದು ಬೆರಳಿನ ಬೆಳ್ಳುಳ್ಳಿ ಎಣ್ಣೆ ಒರೆಸಿಕೊಂಡು ಠಾಣೆಗೆ ವಾಪಸಾದ.

ದೋರ್ಕಾ ಹಬ್ಬಕ್ಕೆ ಹೋಗಿರಲಿಲ್ಲ. ವಸ್ತುಸಂಗ್ರಹಾಲಯಕ್ಕೆ ಬಂದವರು ತೆಗೆದು ಇಂಟರ್ನೆಟ್ಟಿಗೆ ಹಾಕಿದ ಫೋಟೋಗಳನ್ನೆಲ್ಲ ಹುಡುಕಿ ತಾರೀಕಿನ ಪ್ರಕಾರ ಜೋಡಿಸಿದ್ದಳು.

"ಇದು ನೋಡಿ ಸರ್. ನವೆಂಬರ್ ಹನ್ನೊಂದು, ಸಂತ ಮಾರ್ಟಿನ್ ದಿನ. ನಾಣ್ಯದ ಅಂಚಲ್ಲಿ ಒಂದು ಸೀಳಿದೆ. ಕೆಳಗಿನ ದೀಪದ ಬೆಳಕು ಅದರೊಳಗಿಂದ ಹಾಯ್ದು ಬರ್ತಿದೆ. ಇದು ಡಿಸೆಂಬರ್ ಆರು. ಸೀಳು ಇದೆ. ಬೆಳಕಿಲ್ಲ."

ಗೆದೆಯೋನ್ ಕನ್ನಡಕ ಏರಿಸಿ ಎರಡನ್ನೂ ಪಕ್ಕಪಕ್ಕದಲ್ಲಿ ನೋಡಿದ. ಎರಡನೆಯದರಲ್ಲಿ ಸೀಳಿನ ಆಕಾರವಷ್ಟೇ ಇತ್ತು, ತೂತು ಇರಲಿಲ್ಲ.

"ಅಂದ್ರೆ ಆ ಇಪ್ಪತ್ತೈದು ದಿನದೊಳಗೆ ಬದಲಾಯ್ತು," ಎಂದ. ಕನ್ನಡಕ ಇಳಿಸಿ ಸೇರಿಸಿದ: "ನಾಲ್ಕು ತಿಂಗಳು ಆ ಡಾಕ್ಟರ್ ದಿನಾ ಅದರ ಮುಂದೆ ಓಡಾಡಿದ್ದಾನೆ."

ಹದಿನಾರರಂದು ಅವರು ತೋರೋಚ್ಕೈ ಆಬ್ರಿಶನ ಅಂಗಡಿಗೆ ಹೋದರು. ಆಬ್ರಿಶ್ ಬೆಳ್ಳಿ ಕೆಲಸದವನು. ಪ್ರವಾಸಿಗರಿಗೆ ಮಾರಲು ಅದೇ ಡೆನಾರಿನ ತವರದ ನಕಲುಗಳನ್ನು ಎಂಟು ವರ್ಷದ ಹಿಂದೆ ವಸ್ತುಸಂಗ್ರಹಾಲಯಕ್ಕೆ ಮಾಡಿಕೊಟ್ಟಿದ್ದ. ಹಾಗಾಗಿ ಮೊದಲ ಅನುಮಾನ ಅವನ ಮೇಲೆಯೇ. ಗೆದೆಯೋನ್ ಚೀಲದಿಂದ ನಕಲಿ ನಾಣ್ಯವನ್ನು ತೆಗೆದು ಮೇಜಿನ ಮೇಲಿಟ್ಟ.

ಆಬ್ರಿಶ್ ಅದನ್ನು ಭೂತಗನ್ನಡಿಯಲ್ಲಿ ನೋಡಿದ. ಮುಖ ಹುಳಿ ತಿಂದವನಂತಾಯಿತು.

"ಇದನ್ನ ನಾನು ಮಾಡಿದೆ ಅಂತ ಬಂದ್ರಾ?"

"ಮಾಡಿದ್ದೀರಾ?"

"ನನ್ನನ್ನ ಕಳ್ಳ ಅನ್ನಿ, ಪರವಾಗಿಲ್ಲ. ಇದನ್ನ ನಾನು ಮಾಡಿದೆ ಅನ್ಬೇಡಿ."

ಅವನು ಎದ್ದು ಕಾಗದದಷ್ಟು ತೆಳುವಾದ ಬೆಳ್ಳಿಯ ಬಿಲ್ಲೆಯೊಂದನ್ನು ತಂದ. ಕೆಳಗೊಂದು ಉಕ್ಕಿನ ಅಚ್ಚು, ಮೇಲೊಂದು ಅಚ್ಚು, ನಡುವೆ ಬಿಲ್ಲೆ. ಸುತ್ತಿಗೆಯಿಂದ ಒಂದೇ ಏಟು. ಹೊರತೆಗೆದಾಗ ಬಿಲ್ಲೆಯ ಮೇಲೆ ಶಿಲುಬೆ ಮೂಡಿತ್ತು, ಒಂದು ಕಡೆಗೆ ವಾಲಿಕೊಂಡು. ಅಂಚು ಸೀಳಿತ್ತು.

"ನೋಡಿ. ಏಟು ಬಿದ್ದಾಗ ಬೆಳ್ಳಿ ಅಂಚಿನ ಕಡೆಗೆ ಓಡುತ್ತೆ, ಜಾಗ ಸಾಲ್ದೆ ಸೀಳುತ್ತೆ. ಅವತ್ತು ಬಡಿದವನು ದಿನಕ್ಕೆ ಸಾವಿರ ಬಡೀತಿದ್ದ, ಸೊಟ್ಟಗಾಯ್ತಾ ನೆಟ್ಟಗಾಯ್ತಾ ಅವನಿಗೇನು. ನಿಮ್ಮದು ಸುರಿದದ್ದು. ಇಲ್ಲಿ ಗುಳ್ಳೆ ಕಾಣುತ್ತೆ, ಸೂಜಿಮೊನೆಯಷ್ಟು. ಆದ್ರೆ ಅಂಚು ಉಜ್ಜಿದ ಕೈ ಮಾತ್ರ..." ಅವನು ಇನ್ನೊಮ್ಮೆ ನೋಡಿದ. "ಕೈ ಒಳ್ಳೇದಿದೆ. ಸಣ್ಣ ಕೆಲಸ ಮಾಡಿ ಅಭ್ಯಾಸ ಇರೋ ಕೈ. ನಮ್ಮವರದ್ದಲ್ಲ."

"ಮತ್ತೆ ಯಾರದ್ದು?"

"ಈ ಬೆಳ್ಳಿ ಬಣ್ಣ ಬೇರೆ. ಬಾಯಲ್ಲಿ ಹಾಕೋ ಬೆಳ್ಳಿ ಥರ ಇದೆ."

ಇಪ್ಪತ್ತರ ಸೋಮವಾರ ಹತ್ತೂವರೆಗೆ ಪ್ರಯೋಗಾಲಯದ ವರದಿ ಬಂತು. ಬೆಳ್ಳಿಯ ಜತೆಗೆ ಪಲ್ಲಾಡಿಯಂ. ಹಲ್ಲಿನ ಕವಚ ಎರೆಯಲು ಬಳಸುವ ಮಿಶ್ರಲೋಹ. ತೂಕ ಅಸಲಿಗಿಂತ ಸುಮಾರು ಮೂರನೇ ಒಂದು ಪಾಲು ಹೆಚ್ಚು. ನಾಲ್ಕು ತಿಂಗಳಲ್ಲಿ ಯಾರೂ ಅದನ್ನು ತೂಗಿ ನೋಡಿರಲಿಲ್ಲ.

ಊರಿನಲ್ಲಿ ನಾಣ್ಯದ ಹುಚ್ಚಿರುವ ಹಲ್ಲಿನ ಡಾಕ್ಟರ್ ಒಬ್ಬರೇ, ನಿವೃತ್ತ ಸಿಪೆಕಿ ತಿಹಮೇರ್. ಮಧ್ಯಾಹ್ನ ಎರಡಕ್ಕೆ ಗೆದೆಯೋನ್ ಅವರ ಮನೆಯ ಗಂಟೆ ಒತ್ತಿದ. ಸಿಪೆಕಿ ರೇಷ್ಮೆ ಗೌನಿನಲ್ಲಿ ಬಾಗಿಲು ತೆರೆದರು. ಪೊಲೀಸರನ್ನು ಕೂರಲು ಹೇಳಲಿಲ್ಲ.

"ನಮ್ಮ ಹಂಗೇರಿ ಡೆನಾರಾ?" ಅವರು ಮೂಗಿನಲ್ಲೇ ನಕ್ಕರು. "ತೆಳ್ಳಗೆ, ಸೊಟ್ಟಗೆ, ರೈತನ ಉಗುರಿನ ಹಾಗೆ. ನಾನು ರೋಮನ್ ಬಿಟ್ಟು ಬೇರೆ ಮುಟ್ಟೋದಿಲ್ಲ ಇನ್ಸ್‌ಪೆಕ್ಟರೇ. ಆ ಹುಬೆರ್ಟ್ ಅದನ್ನ ಪುಕ್ಕಟೆ ಕೊಟ್ರೂ ನನಗೆ ಬೇಡ."

"ನಿಮ್ಮ ಹತ್ರ ಎರಕದ ಯಂತ್ರ ಇತ್ತಲ್ಲ?"

"ಇತ್ತು. ನಾನು ಅದನ್ನ ಮುಟ್ಟಿದವನೇ ಅಲ್ಲ. ಡಾಕ್ಟರ್ ಅಳತೆ ತಗೋತಾನೆ, ಎರೆಯೋದು ಹಲ್ಲು ಸೆಟ್ಟು ಮಾಡೋರ ಕೆಲಸ."

"ಯಾರು ಮಾಡ್ತಿದ್ರು?"

"ಒಬ್ಬಳು ಹೆಂಗಸು. ಹಿಂದುಗಡೆ ಕೋಣೆಯಲ್ಲಿ ಮೂವತ್ತು ವರ್ಷ ಇದ್ಲು. ಕ್ಲಿನಿಕ್ಕು ಮುಚ್ಚುವಾಗ ಆ ಹಳೇ ಯಂತ್ರಾನ ಅವಳೇ ಕೇಳಿ ತಗೊಂಡು ಹೋದ್ಲು." ಅವರು ಹಣೆ ಉಜ್ಜಿಕೊಂಡರು. "ಹೆಸರು ನಾಲಿಗೆ ತುದೀಲಿದೆ. ವಿಲ್ಮಾ. ಈಗ ನಿಮ್ಮ ಆ ಹುಬೆರ್ಟನ ಹತ್ರಾನೇ ಎಲ್ಲೋ ಕುರ್ಚಿ ಮೇಲೆ ಕೂತಿರ್ತಾಳೆ ಅಂತ ಕೇಳಿದ್ದೆ."

ಮೂವತ್ತು ವರ್ಷ ಜತೆಗಿದ್ದವಳ ಹೆಸರಿಗೆ ಹಣೆ ಉಜ್ಜಿಕೊಳ್ಳಬೇಕಾದ ಮನುಷ್ಯನನ್ನು ಗೆದೆಯೋನ್ ಅಸಹ್ಯದಿಂದ ನೋಡಿದ. ಮೆಟ್ಟಿಲು ಇಳಿಯುವಾಗ ಅದೇ ಅಸಹ್ಯ ಅವನ ಕಡೆಗೆ ತಿರುಗಿತು. ಇವರು ಅವಳನ್ನು ಮೂವತ್ತು ವರ್ಷ ಕಣ್ಣೆತ್ತಿ ನೋಡಿರಲಿಲ್ಲ. ತಾನು ಮೂರು ನಿಮಿಷ ನೋಡಿರಲಿಲ್ಲ. ದೋರ್ಕಾ ಜೀಪು ಸ್ಟಾರ್ಟ್ ಮಾಡಿದಳು, ಪಟ್ಟಿಯ ಮಾತು ಎತ್ತಲಿಲ್ಲ. ಎತ್ತಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಇಪ್ಪತ್ತೊಂದರ ಮಂಗಳವಾರ, ಹತ್ತು ಹದಿನೈದು. ವಿಲ್ಮಾ ಕುರ್ಚಿಯಲ್ಲೇ ಇದ್ದಳು. ಕೊಬ್ಬು ಸವರಿ ಈರುಳ್ಳಿ ಹಚ್ಚಿದ ಬ್ರೆಡ್ಡನ್ನು ಕಾಗದದಿಂದ ಬಿಚ್ಚುತ್ತಿದ್ದಳು. ಗೆದೆಯೋನ್ ಈ ಸಲ ಮೂಲೆಯಿಂದ ಸ್ಟೂಲು ಎಳೆದು ಎದುರಿಗೆ ಕೂತ.

"ವಿಲ್ಮತ್ತೆ, ನೀವು ಇಲ್ಲಿಗೆ ಬರೋ ಮೊದಲು ಏನು ಕೆಲಸ ಮಾಡ್ತಿದ್ರಿ?"

ಅವಳು ಬ್ರೆಡ್ಡನ್ನು ಮತ್ತೆ ಕಾಗದದಲ್ಲಿ ಸುತ್ತಿದಳು.

"ಬಂದ್ರಾ," ಎಂದಳು. "ಇಷ್ಟು ದಿನ ಬೇಕಾಯ್ತಾ?"

"ನಾಣ್ಯ ಎಲ್ಲಿದೆ?"

"ಕೆಳಗೆ. ನಡೀರಿ."

ಹುಬೆರ್ಟ್ ಮತ್ತು ಲೆಕ್ಕಿಗರನ್ನು ಪಂಚರಾಗಿ ಕರೆಸಲಾಯಿತು. ನೆಲಮಾಳಿಗೆಯಲ್ಲಿ ಗೋಡೆಗೆ ಒತ್ತರಿಸಿ ರಟ್ಟಿನ ಪೆಟ್ಟಿಗೆಗಳು, ಒಂದರ ಮೇಲೊಂದು. ಮೇಲ್ಗಡೆ ಮಡಚಿದ ಕುರ್ಚಿಗಳನ್ನು ಪೇರಿಸಿದ್ದರು. ಪೆಟ್ಟಿಗೆಗಳಿಗೆ ಹಳದಿ ಚೀಟಿ ಅಂಟಿಸಿತ್ತು: ತೆರವು ಮಾಡುವುದು, ಸಹಿ ಲೋನ್ಯೈ.

"ಇವೆಲ್ಲ ಏನು?" ಗೆದೆಯೋನ್ ಕೇಳಿದ.

"ಮೂಳೆಗಳು," ಎಂದರು ಹುಬೆರ್ಟ್. "ಆ ಚರ್ಚಿನ ಗೋರಿಗಳದ್ದು. ಅಧ್ಯಯನ ಮುಗಿದಿದೆ, ಜಾಗ ತಿನ್ನುತ್ತವೆ. ಈ ತಿಂಗಳು ಹೊರಗಿನ ಶೆಡ್ಡಿಗೆ ಸಾಗಿಸೋದಿತ್ತು."

"ಶೆಡ್ಡಿಗೆ ಸೂರಿಲ್ಲ," ಎಂದಳು ವಿಲ್ಮಾ.

ಅವಳು ಮೂವತ್ತೊಂದು ಎಂದು ಬರೆದಿದ್ದ ಪೆಟ್ಟಿಗೆಯನ್ನು ತೋರಿಸಿದಳು. ದೋರ್ಕಾ ಇಳಿಸಿ ಮುಚ್ಚಳ ತೆಗೆದಳು. ಒಳಗೆ ಹಳೆಯ ವೃತ್ತಪತ್ರಿಕೆಯ ಬದಲು ತೊಳೆದ ಬಿಳಿ ಬಟ್ಟೆ ಹಾಸಿತ್ತು. ಅದರ ಮೇಲೆ ತಲೆಬುರುಡೆ. ಕೆಳದವಡೆಯನ್ನು ಹಲ್ಲಿನ ಕೆಲಸದ ಗುಲಾಬಿ ಮೇಣದಿಂದ ಅಚ್ಚುಕಟ್ಟಾಗಿ ಕೂರಿಸಿತ್ತು. ಮುಂದಿನ ಎರಡು ಹಲ್ಲುಗಳ ಒಳಬದಿ ಹಸಿರುಗಟ್ಟಿತ್ತು. ಶತಮಾನಗಟ್ಟಲೆ ಅಲ್ಲಿದ್ದ ನಾಣ್ಯದ ಕಲೆ. ಆ ಹಲ್ಲುಗಳ ಹಿಂದೆ, ನಾಲಿಗೆ ಇರಬೇಕಾದ ಜಾಗದಲ್ಲಿ, ಬೆಳ್ಳಿಯ ಅಂಚು ಕಂಡಿತು.

"ಸಿಕ್ತು," ಎಂದು ಹುಬೆರ್ಟ್ ಫೋನು ತೆಗೆದು ಫೋಟೋ ಹೊಡೆದರು. "ದೇವರು ದೊಡ್ಡವನು. ಬೇಗ ತೆಗೀರಿ, ಬುಡಾಪೆಸ್ಟಿಗೆ ತಿಳಿಸ್ಬೇಕು. ವಿಲ್ಮಾ, ನಿನಗೆ ತಲೆ ಕೆಟ್ಟಿತ್ತಾ?"

ವಿಲ್ಮಾ ಅವರ ಕಡೆಗೆ ತಿರುಗಿದಳು. ಅವಳ ದನಿ ಏರಲಿಲ್ಲ.

"ನಾಲ್ಕು ತಿಂಗಳು ನೀವು ನನ್ನ ಹಲ್ಲಿನ ಬೆಳ್ಳಿಗೆ ಭಾಷಣ ಮಾಡಿದ್ರಿ ಡೈರೆಕ್ಟರೇ. ಸ್ಕೂಲ್ ಮಕ್ಕಳ ಮುಂದೆ, ಮೇಯರ್ ಮುಂದೆ. ಕ್ರಿಸ್‌ಮಸ್ ಹೊತ್ತಲ್ಲಿ ಒಂದ್ಸಲ ಕಣ್ಣೂ ಒರೆಸ್ಕೊಂಡ್ರಿ. ಗಾಜಿನೊಳಗೆ ಹೊಳೆಯೋದು ಒಂದು ಬೇಕಿತ್ತು ನಿಮಗೆ, ಇಟ್ಟಿದ್ದೆ. ನಿಮಗೇನು ಕಮ್ಮಿಯಾಯ್ತು?"

ಲೆಕ್ಕಿಗರು ಕೆಮ್ಮಿ ಗೋಡೆ ನೋಡಿದರು. ಹುಬೆರ್ಟ್ ಫೋನನ್ನು ಜೇಬಿಗೆ ಹಾಕಿಕೊಂಡರು.

ಕಳವಿನ ಮಾಲನ್ನು ಪಂಚರ ಸಮಕ್ಷಮ ಜಪ್ತಿ ಮಾಡಬೇಕು. ಗೆದೆಯೋನ್ ರಬ್ಬರ್ ಗ್ಲೌಸು ಹಾಕಿಕೊಂಡು ಚಿಮಟ ಹಿಡಿದು ಬಗ್ಗಿದ. ಎಷ್ಟೋ ಹೆಣಗಳ ಜೇಬಿಗೆ ಕೈ ಹಾಕಿದ್ದ ಮನುಷ್ಯ. ಆ ಸಣ್ಣ ಬಾಯಿಯ ಮುಂದೆ ಅವನ ಕೈ ನಿಂತಿತು.

"ಎಷ್ಟು ವಯಸ್ಸು?" ಎಂದು ಕೇಳಿದ. ಅದು ತನಿಖೆಗೆ ಬೇಕಾದ ಪ್ರಶ್ನೆಯಾಗಿರಲಿಲ್ಲ.

"ಹದಿನಾರು. ಜಾಸ್ತಿ ಅಂದ್ರೆ ಹದಿನೇಳರ ಹುಡುಗಿ. ಹಿಂದಿನ ದವಡೆ ಹಲ್ಲು ಇನ್ನೂ ಹೊರಗೆ ಬಂದಿಲ್ಲ." ವಿಲ್ಮಾ ಅವನ ಪಕ್ಕಕ್ಕೆ ಬಂದು ಬಗ್ಗಿದಳು. "ಎಡಗಡೆ ಒತ್ತಬೇಡಿ. ಅಲ್ಲಿ ಒಂದು ಹಲ್ಲು ಸಡಿಲ ಇದೆ. ಮೇಲಿಂದ ತನ್ನಿ. ಹಾಂ. ನಿಧಾನ."

ಹತ್ತು ಐವತ್ತೆರಡಕ್ಕೆ ನಾಣ್ಯ ಹೊರಬಂತು. ಬೆಳಕಿಗೆ ಹಿಡಿದಾಗ ಅಂಚಿನ ಸೀಳಿನಿಂದ ಬಲ್ಬಿನ ಬೆಳಕು ಹಾಯ್ದು ಬಂತು. ದೋರ್ಕಾ ತೂಗಿ ಬರೆದುಕೊಂಡಳು. ಹನ್ನೊಂದು ಹತ್ತಕ್ಕೆ ಹೊರ್ಗಾಶ್ ವಿಲ್ಮಾಳನ್ನು ಬಂಧಿಸಲಾಯಿತು. ಕೈಕೋಳ ಹಾಕಲಿಲ್ಲ. ಅವಳು ಬ್ರೆಡ್ಡಿನ ಪೊಟ್ಟಣ ತೆಗೆದುಕೊಳ್ಳಲು ಒಮ್ಮೆ ಮೇಲಕ್ಕೆ ಹೋಗಿ ಬಂದಳು.

ಹೇಳಿಕೆ ದಾಖಲಾದದ್ದು ಮಧ್ಯಾಹ್ನ ಎರಡು ಹತ್ತಕ್ಕೆ. ನವೆಂಬರ್ ಇಪ್ಪತ್ತರ ಭಾನುವಾರ ಬಾಗಿಲು ಹಾಕುವ ಹೊತ್ತಿಗೆ ನಾಣ್ಯ ತೆಗೆದಿದ್ದಳು. ಸೋಮವಾರ ರಜೆ; ಮನೆಯಲ್ಲಿ ಅಚ್ಚು ತೆಗೆದು ಎರೆದಿದ್ದಳು. ಮಂಗಳವಾರ ಬೆಳಿಗ್ಗೆ ನಕಲು ಗಾಜಿನೊಳಗೆ, ಅಸಲು ಪೆಟ್ಟಿಗೆಯೊಳಗೆ. ಮಾರುವ ಯೋಚನೆ ಇತ್ತೇ? ಇಲ್ಲ. ಯಾರಾದರೂ ಹೇಳಿದ್ದರೇ? ಇಲ್ಲ.

"ಮತ್ತೆ ಯಾಕೆ?"

"ಅಕ್ಟೋಬರಿನಲ್ಲಿ ಕುರ್ಚಿ ಇಡೋಕೆ ಕೆಳಗೆ ಕಳಿಸಿದ್ರು. ಮೂವತ್ತೊಂದನ್ನ ತೆಗೆದು ನೋಡ್ದೆ. ಆ ಹಸಿರು ಕಲೆ ಕಾಣಿಸ್ತು. ಮೇಲೆ ಬಂದು ಡೈರೆಕ್ಟರಿಗೆ ಹೇಳ್ದೆ, ನಾಣ್ಯ ಒಂದು ಹುಡುಗಿ ಬಾಯಲ್ಲಿತ್ತು ಅಂತ ಫಲಕದಲ್ಲಿ ಒಂದು ಸಾಲು ಹಾಕಿ ಅಂತ. ಜನ ರಾಜನ್ನ ನೋಡೋಕೆ ಬರ್ತಾರೆ, ಹಳ್ಳಿಯವಳ ಹಲ್ಲು ನೋಡೋಕಲ್ಲ ಅಂದ್ರು."

"ಸತ್ತವರಿಗೆ ದಾರಿಖರ್ಚಿಗೆ ಅಂತ ಬಾಯಲ್ಲಿ ಇಡ್ತಿದ್ರಂತೆ. ನೀವು ಅದನ್ನ ನಂಬ್ತೀರಾ?"

"ನಾನ್ಯಾಕೆ ನಂಬ್ಲಿ? ಇಟ್ಟವರು ನಂಬಿದ್ರು. ಸತ್ತವರ ಬಾಯಿ ತೆರೆಯೋದು ಸುಲಭ ಅಲ್ಲ ಇನ್ಸ್‌ಪೆಕ್ಟರೇ. ಯಾರೋ ಅವರ ಕೈಯಾರೆ ತೆರೆದು ಇಟ್ಟಿದ್ದು ಅದು. ಅಮ್ಮನೋ ಯಾರೋ."

ಅವಳು ನೀರು ಕೇಳಿ ಕುಡಿದಳು. ಆಮೇಲೆ ಯಾರೂ ಕೇಳದೆಯೇ ಮಾತಾಡಿದಳು. ಮೂರು ವರ್ಷದ ಹಿಂದೆ ಅವಳ ಗಂಡ ಲೋರಿಂಟ್ಸ್ ಆಸ್ಪತ್ರೆಯಲ್ಲಿ ಸತ್ತ. ಅವನ ಹಲ್ಲು ಸೆಟ್ಟನ್ನು ಅವಳೇ ಮಾಡಿದ್ದಳು, ಎರಡು ತಿಂಗಳು ತಿದ್ದಿ ತಿದ್ದಿ. ಹೆಣ ಒಪ್ಪಿಸುವಾಗ ಸೆಟ್ಟು ಇರಲಿಲ್ಲ. ಎಲ್ಲೋ ಕಳೆದುಹೋಗಿತ್ತು. ಹುಡುಕಿಕೊಡಿ ಎಂದು ಎರಡು ಸಲ ಹೋಗಿ ಕೇಳಿದಳು.

"ಅಲ್ಲಿದ್ದವನು ನಕ್ಕ. ಇವರು ಹೋಗೋ ಕಡೆ ಅಗಿಯೋಕೆ ಏನಿದೆ ಅಂದ. ಲೋರಿಂಟ್ಸ್‌ನ ಬಾಯಿ ಒಳಕ್ಕೆ ಹೋಗಿತ್ತು. ಗುರುತೇ ಸಿಗ್ತಿರ್ಲಿಲ್ಲ. ಹಾಗೇ ಮಣ್ಣು ಮಾಡಿದ್ವಿ."

ದೋರ್ಕಾಳ ಬೆರಳು ಕೀಲಿಮಣೆಯ ಮೇಲೆ ನಿಂತಿತು.

"ಬರ್ಕೋ," ಎಂದ ಗೆದೆಯೋನ್.

ವಿಲ್ಮಾ ಓದಿ ನೋಡಿ ಸಹಿ ಹಾಕಿದಳು. ಸಂಜೆ ನಾಲ್ಕಕ್ಕೆ, ವಿಚಾರಣೆಗೆ ಕರೆದಾಗ ಬರಬೇಕೆಂಬ ಷರತ್ತಿನ ಮೇಲೆ ಅವಳನ್ನು ಮನೆಗೆ ಕಳಿಸಲಾಯಿತು.

ಜಪ್ತಿ ಮಾಲಿನ ಪಟ್ಟಿ ತಯಾರಾದಾಗ ಅದರಲ್ಲಿ ನಾಲ್ಕು ಬಾಬತ್ತುಗಳಿದ್ದವು: ಬೆಳ್ಳಿ ಡೆನಾರ್ ಒಂದು, ಅದರ ಎರಕದ ನಕಲು ಒಂದು, ವಿಲ್ಮಾಳ ಮನೆಯಿಂದ ತಂದ ಎರಕದ ಯಂತ್ರ ಒಂದು, ಮೂವತ್ತೊಂದನೇ ನಂಬರಿನ ರಟ್ಟಿನ ಪೆಟ್ಟಿಗೆ ಒಂದು, ಅದರೊಳಗಿನ ಎಲ್ಲದರ ಸಮೇತ.

"ಸರ್, ಮೂಳೆ ಕಳವಾಗಿರ್ಲಿಲ್ವಲ್ಲ," ಎಂದಳು ದೋರ್ಕಾ.

"ಸಾಕ್ಷ್ಯ. ಕೇಸು ಮುಗಿಯೋವರೆಗೂ ಯಾರೂ ಮುಟ್ಟೋ ಹಾಗಿಲ್ಲ. ನಮ್ಮ ಮಾಲ್ಖಾನೆಗೆ ಸೂರಿದೆ."

ಡೆನಾರ್ ಬುಡಾಪೆಸ್ಟಿಗೆ ಹೋಯಿತು. ಮಂತ್ರಿಗಳು ಉದ್ಘಾಟಿಸಿದರು, ಪಕ್ಕದಲ್ಲಿ ಹುಬೆರ್ಟ್ ನಿಂತ ಚಿತ್ರ ಪತ್ರಿಕೆಯಲ್ಲಿ ಬಂತು. ಆರೋಪಪಟ್ಟಿಯಲ್ಲಿ ಉದ್ದೇಶ ಎಂಬ ಕಾಲಮ್ಮಿದೆ. ಗೆದೆಯೋನ್ ಅಷ್ಟು ವರ್ಷ ಅಲ್ಲಿ ಲಾಭಕ್ಕಾಗಿ ಎಂದು ಬರೆದು ಕೈ ತೊಳೆದುಕೊಂಡಿದ್ದ. ಈ ಸಲ, ಆರೋಪಿಯು ತನ್ನ ಗಂಡನನ್ನು ಹಲ್ಲು ಸೆಟ್ಟಿಲ್ಲದೆ ಮಣ್ಣು ಮಾಡಬೇಕಾಯಿತು ಎಂದು ಬರೆದ. ನಾಲ್ಕು ದಿನ ಬಿಟ್ಟು ಸರ್ಕಾರಿ ವಕೀಲರು ಫೋನು ಮಾಡಿ, ಈ ವಾಕ್ಯಕ್ಕೂ ನಾಣ್ಯದ ಕಳವಿಗೂ ಸಂಬಂಧವೇ ಇಲ್ಲ, ತೆಗೆದು ಹಾಕಿ ಎಂದರು.

"ಹೇಳಿಕೆಯ ಮೂರನೇ ಪುಟ ಓದಿ," ಎಂದ ಗೆದೆಯೋನ್.

"ಓದೋಕೆ ಪುರುಸೊತ್ತಿಲ್ಲ ಇನ್ಸ್‌ಪೆಕ್ಟರೇ."

"ಹಾಗಾದ್ರೆ ಅದು ಅಲ್ಲೇ ಇರ್ಲಿ," ಎಂದು ಅವನು ಫೋನು ಇಟ್ಟ.